ಏರಿ ಮೇಲೆ ಸೈಕಲ್, ಏರಿ ತುಂಬ ಜನ

ನಮ್ಮ ಕೆರೆಗೆ ನಾವೇ ತಮಾಷೆಗೆ ‘ಬೀಚ್’ ಅಂತ ಹೆಸರಿಟ್ಟಿದ್ದೇವೆ. ಕೋಲಾರದಿಂದ ನಿಜವಾದ ಸಮುದ್ರ ನೋಡಬೇಕಾದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಏರಿಗೆ ನಮ್ಮ ಮನೆಯಿಂದ ಹತ್ತು ನಿಮಿಷ. ಭಾನುವಾರ ಸಂಜೆ ಬಂದು ನೋಡಿ, ಚುರುಮುರಿ ಗಾಡಿ, ಮೀನು ಫ್ರೈ, ಬಲೂನು, ನಾಯಿ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿ, ಎಲ್ಲಾ ಇರುತ್ತೆ.

ಹತ್ತು ವರ್ಷದ ಹಿಂದೆ ಇಲ್ಲಿ ಕುರಿಮಂದೆ ಬಿಟ್ಟರೆ ನರಪಿಳ್ಳೆ ಇರುತ್ತಿರಲಿಲ್ಲ. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ತುಂಬಿ ಮುಂದಿನದಕ್ಕೆ, ಅದರಿಂದ ಇನ್ನೊಂದಕ್ಕೆ ಹರಿಯುತ್ತಾ ನಮ್ಮ ಕೆರೆಗೂ ತಲುಪಿತು. ಆ ನೀರಿನ ಬಗ್ಗೆ ವಾದ ಈಗಲೂ ಮುಗಿದಿಲ್ಲ, ನಾನಂತೂ ಅದಕ್ಕೆ ಕೈ ಅದ್ದುವುದಿಲ್ಲ. ಆದರೆ ನೀರು ಬಂದ ಕಡೆ ಜನ ಬರುತ್ತಾರೆ. ಒಬ್ಬಳೇ ಹಾಡಿಕೊಂಡು ಸೈಕಲ್ ಹೊಡೆಯುತ್ತಿದ್ದ ಏರಿ ನನ್ನ ಕೈ ತಪ್ಪಿಹೋಯಿತು.

ಸೈಕಲ್ಲು ನನ್ನದಲ್ಲ, ಮಗಳದು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದು. ಅವಳು ಓದಲು ಹಾಸ್ಟೆಲ್ಲಿಗೆ ಹೋದ ಮೇಲೆ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು. ಇನ್ನೂರು ರೂಪಾಯಿ ಖರ್ಚು ಮಾಡಿ ಬ್ರೇಕ್ ರಬ್ಬರ್ ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೆ. ಗೇರ್ ಇಲ್ಲ, ಹಿಂದೆ ಕ್ಯಾರಿಯರ್ ಇದೆ, ನನಗೆ ಅಷ್ಟೇ ಸಾಕು.

ಮೊದಲ ಪಾಠ ಕಲಿಸಿದವರು ಒಬ್ಬ ಅಜ್ಜಿ. ಸೊಸೆ, ಮೊಮ್ಮಗನ ಜೊತೆ ಏರಿಯ ಅಗಲಕ್ಕೂ ಸಾಲಾಗಿ ನಡೆದುಕೊಂಡು ಹೋಗುತ್ತಿದ್ದರು. ನಾನು ತೀರಾ ಹತ್ತಿರ ಹೋಗಿ ಬೆಲ್ ಹೊಡೆದೆ. ಸೊಸೆ ಎಡಕ್ಕೆ ಹಾರಿದಳು, ಅಜ್ಜಿ ಬಲಕ್ಕೆ ಹಾರಿದರು, ಮೊಮ್ಮಗ ನಡುವೆ ನಿಂತು ನನ್ನನ್ನೇ ನೋಡಿದ. ಅವನನ್ನು ತಪ್ಪಿಸಲು ಹೋಗಿ ನೀರಿನ ಕಡೆಯ ಕಲ್ಲುಕಟ್ಟಣೆ ಮೇಲೆ ಬಿದ್ದೆ. ಮಣಿಕಟ್ಟು ಊದಿಕೊಂಡು ಹದಿನೈದು ದಿನ ಮುದ್ದೆ ತಿರುವಲು ಆಗಲಿಲ್ಲ. ಅಜ್ಜಿ ನನ್ನನ್ನು ಎತ್ತಿ ಕೂರಿಸಿ, ನೀರು ಕುಡಿಸಿ, ಆಮೇಲೆ ಬೈದರು: ‘ಕಿವಿ ಹತ್ರ ಬಂದು ಗಂಟೆ ಹೊಡೆದರೆ ನಾವೇನಮ್ಮಾ ಮಾಡೋದು?’

ಸರಿಯಾದ ಮಾತು. ಅವತ್ತಿನಿಂದ ಬೆಲ್ ಹೊಡೆಯುವುದಾದರೆ ಇಪ್ಪತ್ತು ಹೆಜ್ಜೆ ದೂರದಿಂದ, ಒಂದೇ ಸಲ. ಹತ್ತಿರ ಬಂದ ಮೇಲೆ ಬಾಯಿಯೇ ಬೆಲ್ಲು. ‘ಅಕ್ಕಾ, ನೀವು ಹಾಗೇ ಇರಿ, ನಾನೇ ಬಲಗಡೆ ಹೋಗ್ತೀನಿ.’ ಬೆಲ್ ಕೇಳಿದವರು ಯಾವ ಕಡೆ ಹಾರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಮಾತು ಕೇಳಿದವರು ನಿಲ್ಲುತ್ತಾರೆ. ಜಾಗ ಇಲ್ಲದಿದ್ದರೆ ಅವರ ಹಿಂದೆಯೇ ನಡಿಗೆಯ ವೇಗದಲ್ಲಿ ಹೋಗುವುದು, ಸೈಕಲ್ ಓಲಾಡಲು ಶುರುವಾದರೆ ಇಳಿದು ತಳ್ಳುವುದು. ಇಳಿಯಲು ನಾಚಿಕೆಪಟ್ಟವರೇ ಹೆಚ್ಚು ಬೀಳುವುದನ್ನು ನೋಡಿದ್ದೇನೆ, ಮುಖ್ಯವಾಗಿ ಕಾಲೇಜು ಹುಡುಗರು.

ಫೋಟೋ ತೆಗೆದುಕೊಳ್ಳುವವರದು ಬೇರೆಯೇ ಜಾತಿ. ನೀರಿಗೆ ಬೆನ್ನು ಹಾಕಿ ಫೋನ್ ಎತ್ತಿ ಹಿಡಿದವರು ಅಲ್ಲೇ ನಿಂತಿರುತ್ತಾರೆ. ಅವರ ಫೋಟೋ ತೆಗೆಯುವವರು ಮಾತ್ರ ಕೆರೆ ಪೂರ್ತಿ ಬರಲಿ ಅಂತ ಹಿಂದೆ ನೋಡದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಯಾರ ಕೈಯಲ್ಲಾದರೂ ಫೋನ್ ಮೇಲೆದ್ದರೆ ನನ್ನ ಕೈ ತಾನಾಗಿಯೇ ಬ್ರೇಕಿಗೆ ಹೋಗುತ್ತೆ.

ನಾಯಿಗಳು ಮೀನು ಫ್ರೈ ಗಾಡಿಯ ಸುತ್ತ ಇರುತ್ತವೆ. ಜೋರಾಗಿ ತುಳಿದರೆ ಅಟ್ಟಿಸಿಕೊಂಡು ಬರುತ್ತವೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಸುಮ್ಮನಾಗುತ್ತವೆ.

ಬಟ್ಟೆಯದು ಹೆಂಗಸರಿಗೆ ಹೇಳಲೇಬೇಕಾದ ವಿಷಯ. ಒಮ್ಮೆ ನನ್ನ ವೇಲು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಕತ್ತನ್ನೇ ಎಳೆಯಿತು. ಪುಣ್ಯಕ್ಕೆ ನಿಧಾನವಾಗಿದ್ದೆ. ಈಗ ವೇಲು ಮನೆಯಲ್ಲೇ ಬಿಡುತ್ತೇನೆ, ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಹೆಲ್ಮೆಟ್ಟೂ ಹಾಕುತ್ತೇನೆ. ‘ಸೈಕಲ್ಲಿಗೂ ಹೆಲ್ಮೆಟ್ಟಾ?’ ಅಂತ ನಗುವವರು ಇದ್ದಾರೆ. ಕಲ್ಲುಕಟ್ಟಣೆ ಮೇಲೆ ಬಿದ್ದವಳು ನಾನು, ಅವರಲ್ಲ.

ಏರಿಯ ನೆಲ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ. ಬೇಸಿಗೆಯಲ್ಲಿ ಜಾಲಿ ಮುಳ್ಳು, ವಾರಕ್ಕೊಂದು ಪಂಕ್ಚರ್. ಆಷಾಢದಲ್ಲಿ ಗಾಳಿ. ತಡೆಯಲು ಒಂದು ಮರವಿಲ್ಲದ ನೀರಿನ ಮೇಲಿಂದ ಬರುವ ಗಾಳಿ ಪಕ್ಕದಿಂದ ತಳ್ಳುತ್ತೆ, ಅದಕ್ಕೇ ಆ ತಿಂಗಳು ಅಂಚು ಬಿಟ್ಟು ಏರಿಯ ನಡುವೆ ಹೋಗುತ್ತೇನೆ. ಸುಗ್ಗಿ ಬಂದರೆ ರಾಗಿ, ಹುರುಳಿ ಕಟಾವು ಮಾಡಿ ದಾರಿ ಮೇಲೆ ಹರವಿರುತ್ತಾರೆ, ಗಾಡಿಗಳು ಓಡಾಡಿದರೆ ಒಕ್ಕಣೆ ಆಗುತ್ತೆ ಅಂತ. ಕಾರಿನ ಕೆಳಗೆ ಸಿಕ್ಕಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಸೈಕಲ್ಲಿಗೆ ಹುರುಳಿ ಬಳ್ಳಿ ಚೈನಿನಲ್ಲಿ ಸುತ್ತಿಕೊಂಡರೆ ಚಕ್ರವೇ ನಿಂತುಹೋಗುತ್ತೆ, ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತೆ. ರೈತರ ಹತ್ತಿರ ಜಗಳ ಆಡಿ ಪ್ರಯೋಜನವಿಲ್ಲ, ಅವರಿಗೆ ಬೇರೆ ಕಣ ಎಲ್ಲಿದೆ?

ಇನ್ನು ಕೋಡಿ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹೋದವು, ಜನ ಬಾಗಿನ ಬಿಟ್ಟರು, ಕುಣಿದರು. ಕೋಡಿ ಕಟ್ಟೆಯ ಮೇಲೆ ಪಾದ ಮುಳುಗುವಷ್ಟೇ ನೀರು ಹರಿಯುತ್ತಿತ್ತು. ಇಷ್ಟರಲ್ಲಿ ಏನಾಗುತ್ತೆ ಅಂತ ಬೈಕು, ಸೈಕಲ್ ದಾಟಿಸುತ್ತಿದ್ದರು. ನೀರಿನ ಕೆಳಗೆ ಪಾಚಿ ಕಟ್ಟಿರುತ್ತೆ, ಅದು ಕಣ್ಣಿಗೆ ಬೀಳುವುದಿಲ್ಲ. ನಾನು ಕೋಡಿ ಹರಿಯುತ್ತಿದ್ದರೆ ಬಂದ ದಾರಿಗೇ ತಿರುಗುತ್ತೇನೆ. ತಳ್ಳಿಕೊಂಡೂ ದಾಟುವುದಿಲ್ಲ.

ನಿಜವಾದ ಬೀಚಿನಲ್ಲೂ ಒಂದು ಸಲ ಸೈಕಲ್ ಹೊಡೆದಿದ್ದೇನೆ. ಉಡುಪಿಯಲ್ಲಿರುವ ತಂಗಿ ಮನೆಗೆ ಹೋದಾಗ ಅವಳ ಮಗನ ಸೈಕಲ್ ತಗೊಂಡು ಬೆಳಿಗ್ಗೆ ಮಲ್ಪೆಗೆ ಹೋದೆ. ಒಣ ಮರಳಿಗೆ ಇಳಿದ ತಕ್ಷಣ ಚಕ್ರ ಹೂತುಕೊಂಡಿತು. ಹುಡುಗ ನಕ್ಕು ಹೇಳಿದ: ‘ದೊಡ್ಡಮ್ಮ, ಸಮುದ್ರ ಇಳಿದಿರುವಾಗ ಅಲೆ ಒದ್ದೆ ಮಾಡಿದ ಜಾಗದಲ್ಲಿ ಹೋಗಿ, ಅಲ್ಲಿ ಗಟ್ಟಿ ಇರುತ್ತೆ.’ ಇತ್ತು. ಟೈರಿನ ಗಾಳಿ ಸ್ವಲ್ಪ ಇಳಿಸಿದ ಮೇಲೆ ಇನ್ನೂ ಹಗುರಾಯಿತು. ಮರಳಲ್ಲಿ ತಟ್ಟನೆ ತಿರುಗಿಸಬಾರದು, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬಾರದು ಅನ್ನುವುದನ್ನು ಎರಡು ಸಲ ಬಿದ್ದು ಕಲಿತೆ, ಆದರೆ ಮರಳಿನ ಮೇಲೆ ಬೀಳುವುದು ನಮ್ಮ ಕಲ್ಲಿನ ಮುಂದೆ ಹಾಸಿಗೆ. ದೋಣಿ ಕಟ್ಟಿದ ಹಗ್ಗ ಮರಳಿನ ಬಣ್ಣದ್ದೇ ಆಗಿರುವುದರಿಂದ ಅದೊಂದನ್ನು ಕಣ್ಣಿಟ್ಟು ನೋಡಬೇಕು. ವಾಪಸ್ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕಿತ್ತು. ನಾನು ಬೂತಾಯಿ ಮೀನಿನ ಸಾರಿನ ಊಟ ಮಾಡಿ ಮಲಗಿಬಿಟ್ಟೆ. ಉಪ್ಪು ಎರಡೇ ದಿನದಲ್ಲಿ ಚೈನನ್ನು ಕೆಂಪಗೆ ಮಾಡಿತ್ತು, ಹುಡುಗ ಹೊಸದು ಹಾಕಿಸಬೇಕಾಯಿತು.

ಖುಷಿಗೆ ನನ್ನ ಹೊತ್ತು ಬೆಳಿಗ್ಗೆ ಆರೂವರೆ. ಧನುರ್ಮಾಸದಲ್ಲಿ ಮಂಜು ಇದ್ದರೆ ಏಳೂವರೆ. ಮಂಜಿನಲ್ಲಿ ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಇದ್ದರೂ ಟೊಮೆಟೊ ಕ್ರೇಟ್ ಹೊತ್ತ ಟೆಂಪೋದವರಿಗೆ ನಾವು ಕಾಣುವುದು ತಡ. ಬಿಸಿಲು ಬಂದರೆ ಬೆಳ್ಳಕ್ಕಿಗಳು ತೂಬಿನ ಹತ್ತಿರ ಸಾಲಾಗಿ ಇಳಿಯುತ್ತವೆ, ನೀರುಕಾಗೆಗಳು ಒಣಗಿದ ಜಾಲಿಯ ಮೇಲೆ ರೆಕ್ಕೆ ಬಿಚ್ಚಿ ಕೂರುತ್ತವೆ. ನಾನು ಏರಿಯ ಆ ತುದಿಯ ಹುಣಸೆಮರದ ತನಕ ಹೋಗಿ, ಇಳಿದು, ಹತ್ತು ನಿಮಿಷ ನೋಡಿಕೊಂಡು ಬರುತ್ತೇನೆ. ಕಿವಿಗೆ ಹಾಡು ಹಾಕುವುದಿಲ್ಲ. ಟ್ರಾಕ್ಟರ್ ಸದ್ದೂ ಬೇಕು, ಹಕ್ಕಿ ಸದ್ದೂ ಬೇಕು. ಸಂಜೆ ಹೊರಡುವುದಾದರೆ ಬರೀ ಗಾಜಿನ ಕನ್ನಡಕ ಹಾಕುತ್ತೇನೆ. ಹೊತ್ತು ಮುಳುಗುವಾಗ ನೀರಿನ ಮೇಲಿಂದ ಏಳುವ ಸೊಳ್ಳೆಗಳು ನೇರ ಕಣ್ಣಿಗೇ ಬರುತ್ತವೆ.

ಭಾನುವಾರ ಸಂಜೆ ಮಾತ್ರ ಸೈಕಲ್ ಹತ್ತುವುದಿಲ್ಲ. ಚುರುಮುರಿಯವನ ಗಾಡಿಯ ಪಕ್ಕ ನಿಲ್ಲಿಸಿ, ಬೀಗ ಹಾಕಿ, ನಡೆದೇ ಹೋಗುತ್ತೇನೆ. ಹೋದ ವಾರ ಹಾಗೆ ನಡೆಯುವಾಗ ಹಿಂದಿನಿಂದ ಯಾವನೋ ಹುಡುಗ ಕಿವಿ ಹತ್ತಿರ ಬಂದು ಬೆಲ್ ಹೊಡೆದ. ನಾನೂ ಬಲಕ್ಕೇ ಹಾರಿದೆ.