ನಾಲ್ಕು ರಿಮೋಟ್‌ಗಳ ಕೆಲಸವನ್ನು ಒಂದಕ್ಕೆ ಒಪ್ಪಿಸುವ ಬಗೆ

ಹನುಮಂತನಗರದ ನಮ್ಮ ಮನೆಯ ಟೀಪಾಯಿಯ ಮೇಲೆ ಕಳೆದ ವರ್ಷದವರೆಗೆ ನಾಲ್ಕು ರಿಮೋಟ್‌ಗಳು ಸಾಲಾಗಿ ಮಲಗಿರುತ್ತಿದ್ದವು. ಒಂದು ಟಿವಿಯದು, ಇನ್ನೊಂದು ಕೇಬಲ್‌ನವರು ಕೊಟ್ಟ ಸೆಟ್ ಟಾಪ್ ಬಾಕ್ಸ್‌ನದು, ಮೂರನೆಯದು ಸೌಂಡ್‌ಬಾರ್‌ನದು, ನಾಲ್ಕನೆಯದು ಟಿವಿಯ ಬೆನ್ನಿಗೆ ಸಿಕ್ಕಿಸಿರುವ ಫೈರ್ ಟಿವಿ ಸ್ಟಿಕ್‌ನದು. ಅಮ್ಮನ ಬಾಯಲ್ಲಿ ಸ್ಟಿಕ್ ಎಂದರೆ ಕಡ್ಡಿ, ಸೆಟ್ ಟಾಪ್ ಬಾಕ್ಸ್ ಎಂದರೆ ಡಬ್ಬ. "ಕಡ್ಡಿಗೆ ಯಾವುದು, ಡಬ್ಬಕ್ಕೆ ಯಾವುದು ಅಂತ ಒಂದೊಂದು ಚೀಟಿ ಅಂಟಿಸಿಕೊಡೋ" ಎಂದು ಅಮ್ಮ ಕೇಳಿದ ಮೇಲೆ, ಚೀಟಿ ಅಂಟಿಸುವ ಬದಲು ಯೂನಿವರ್ಸಲ್ ರಿಮೋಟ್ ಒಂದನ್ನು ಹೊಂದಿಸಿಕೊಡೋಣವೆಂದು ಹೊರಟೆ. ಅರ್ಧ ಗಂಟೆಯ ಕೆಲಸವೆಂದುಕೊಂಡದ್ದು ಎರಡು ಭಾನುವಾರಗಳನ್ನು ತಿಂದಿತು. ಪೊಟ್ಟಣ ಬಿಚ್ಚಿದ ಕೂಡಲೇ ಕೋಡ್ ಒತ್ತಲು ಕುಳಿತದ್ದೇ ಅದಕ್ಕೆ ಕಾರಣ. ಯಾವ ಸಾಧನ ಯಾವ ರೀತಿಯ ಸಂಕೇತಕ್ಕೆ ಕಿವಿಗೊಡುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು.

ಹೆಚ್ಚಿನ ಟಿವಿ, ಸೆಟ್ ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್ ಮತ್ತು ಹೋಮ್ ಥಿಯೇಟರ್‌ಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣದ, ಅಂದರೆ ಐಆರ್ ಬೆಳಕಿನ ಸಂಕೇತವನ್ನು ಸ್ವೀಕರಿಸುತ್ತವೆ. ರಿಮೋಟ್‌ನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿಣುಕುತ್ತ, ಆ ಮಿಣುಕಿನ ಗೊಂಚಲುಗಳ ಉದ್ದ ಮತ್ತು ಅಂತರಗಳಲ್ಲಿ ಆಜ್ಞೆಯನ್ನು ಕಳುಹಿಸುತ್ತದೆ. ಕೋಣೆಯ ಇತರ ಬೆಳಕಿನ ನಡುವೆ ತನಗೆ ಸೇರಿದ್ದನ್ನು ಟಿವಿ ಗುರುತಿಸುವುದು ಈ ವೇಗದ ಮಿಣುಕಿನಿಂದಲೇ. ನಿಮ್ಮ ರಿಮೋಟ್ ಐಆರ್ ಹೌದೋ ಅಲ್ಲವೋ ಎಂದು ನೋಡಲು ಮೊಬೈಲ್ ಸಾಕು. ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದಕ್ಕೆ ಎದುರಾಗಿ ಹಿಡಿದು ಗುಂಡಿ ಒತ್ತಿದರೆ, ಪರದೆಯ ಮೇಲೆ ತಿಳಿನೇರಳೆ ಬಣ್ಣದ ಚುಕ್ಕೆ ಮಿನುಗುತ್ತದೆ. ಮೊಬೈಲ್‌ನ ಹಿಂಬದಿಯ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಸೋಸುಗಾಜು ಇರುವುದು ಸಾಮಾನ್ಯವಾದ್ದರಿಂದ, ಸೆಲ್ಫಿ ಕ್ಯಾಮೆರಾದಲ್ಲೂ ಒಮ್ಮೆ ನೋಡಿಯೇ ತೀರ್ಮಾನಕ್ಕೆ ಬರಬೇಕು. ಹಾಳಾಗಿದೆಯೆಂದು ಮೂಲೆಗೆ ಹಾಕಿದ ರಿಮೋಟ್‌ನಲ್ಲಿ ನಿಜವಾಗಿ ಸೆಲ್ ಮಾತ್ರ ಸತ್ತಿದೆಯೇ ಎಂಬುದೂ ಇದೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಎಷ್ಟು ಗುಂಡಿ ಒತ್ತಿದರೂ ಚುಕ್ಕೆ ಕಾಣದಿದ್ದರೆ ಆ ರಿಮೋಟ್ ಬಹುಶಃ ಬ್ಲೂಟೂತ್‌ನದು. ಫೈರ್ ಟಿವಿ ಸ್ಟಿಕ್‌ನ ವಿಷಯ ಸ್ವಲ್ಪ ಗೋಜಲು: ಅದರ ರಿಮೋಟ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ಒತ್ತಿದಾಗ ಟಿವಿಗೆಂದು ಐಆರ್ ಹೊರಡುತ್ತದೆ, ಆದರೆ ಬಾಣದ ಗುಂಡಿಗಳು ಸ್ಟಿಕ್‌ನೊಡನೆ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ. ಸ್ಟಿಕ್‌ಗೆ ಐಆರ್ ಕಣ್ಣೇ ಇಲ್ಲದಿರುವುದರಿಂದ ಯಾವ ಕೋಡ್ ಒತ್ತಿದರೂ ಸಾಧಾರಣ ಯೂನಿವರ್ಸಲ್ ರಿಮೋಟ್‌ಗೆ ಅದು ಜಗ್ಗುವುದಿಲ್ಲ. ನನ್ನ ಮೊದಲ ಭಾನುವಾರ ಕಳೆದುಹೋದದ್ದು ಇಲ್ಲಿಯೇ. ಇದಕ್ಕೆ ದಾರಿ ಟಿವಿಯ ಸೆಟ್ಟಿಂಗ್ಸ್‌ನಲ್ಲಿದೆ. ಎಚ್‌ಡಿಎಂಐ ಕೇಬಲ್‌ನ ಮೂಲಕ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸಲು ಸಿಇಸಿ ಎಂಬ ಸೌಲಭ್ಯವಿದೆ; ಸ್ಯಾಮ್‌ಸಂಗ್ ಟಿವಿಗಳಲ್ಲಿ ಇದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿಯಲ್ಲಿ ಸಿಂಪ್ಲಿಂಕ್ ಎಂದೂ, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತಾರೆ. ಇದನ್ನು ಟಿವಿಯಲ್ಲೂ ಸ್ಟಿಕ್‌ನಲ್ಲೂ ಆನ್ ಮಾಡಿದರೆ, ಟಿವಿಗೆ ಹೋದ ಬಾಣದ ಆಜ್ಞೆಯನ್ನು ಟಿವಿಯೇ ಸ್ಟಿಕ್‌ಗೆ ದಾಟಿಸುತ್ತದೆ. ಹೀಗಾಗಿ ಹೊಸ ರಿಮೋಟ್‌ಗೆ ಟಿವಿಯ ಗುಂಡಿಗಳನ್ನು ಹೊಂದಿಸಿದರೆ ಸ್ಟಿಕ್‌ನ ಕೆಲಸವೂ ಬಹುಪಾಲು ಆದಂತೆಯೇ. ಸೌಂಡ್‌ಬಾರ್ ಅನ್ನು ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೆ ಜೋಡಿಸಿದ್ದರೆ, ಅದರ ವಾಲ್ಯೂಮ್ ಕೂಡ ಇದೇ ದಾರಿಯಲ್ಲಿ ಟಿವಿಯ ರಿಮೋಟ್‌ಗೆ ಒಗ್ಗುತ್ತದೆ.

ಇಷ್ಟಾದ ಮೇಲೆ, ಅಂಗಡಿಗೆ ಹೊರಡುವ ಮುನ್ನ, ಸೆಟ್ ಟಾಪ್ ಬಾಕ್ಸ್‌ನ ರಿಮೋಟ್ ಅನ್ನು ಒಮ್ಮೆ ತಿರುಗಿಸಿ ನೋಡಿರಿ. ಕೇಬಲ್ ಮತ್ತು ಡಿಟಿಎಚ್ ರಿಮೋಟ್‌ಗಳಲ್ಲಿ ಟಿವಿ ಎಂದು ಬರೆದ ಚೌಕಟ್ಟಿನೊಳಗೆ ಪವರ್, ವಾಲ್ಯೂಮ್, ಸೋರ್ಸ್ ಎಂಬ ನಾಲ್ಕೈದು ಗುಂಡಿಗಳು ಬೇರೆಯಾಗಿ ಇರುವುದುಂಟು. ಇವು ಟಿವಿ ರಿಮೋಟ್‌ನ ಸಂಕೇತವನ್ನು ನಕಲು ಮಾಡಿಕೊಂಡು ಕಲಿಯುವ ಗುಂಡಿಗಳು. ವರ್ಷಗಟ್ಟಲೆ ಬಳಸಿದವರಿಗೂ ಇವು ಏತಕ್ಕೆಂದು ಗೊತ್ತಿರುವುದಿಲ್ಲ. ಟಿವಿ ಮತ್ತು ಡಬ್ಬ ಎರಡೇ ಇರುವ ಮನೆಗೆ ಇಷ್ಟೇ ಸಾಕು, ಹೊಸದನ್ನು ಕೊಳ್ಳುವ ಖರ್ಚೂ ಇಲ್ಲ.

ಕೊಳ್ಳಲೇಬೇಕಾದರೆ ಎರಡು ಬಗೆಯವು ಸಿಗುತ್ತವೆ. ಒಂದು ಬಗೆಯದರಲ್ಲಿ ನೂರಾರು ಕಂಪನಿಗಳ ಕೋಡ್‌ಗಳು ಮೊದಲೇ ತುಂಬಿರುತ್ತವೆ, ನಮ್ಮ ಸಾಧನಕ್ಕೆ ಸರಿಹೊಂದುವುದನ್ನು ನಾವು ಆರಿಸಬೇಕು. ಇನ್ನೊಂದು ಹಳೆಯ ರಿಮೋಟ್‌ನ ಸಂಕೇತವನ್ನು ನೋಡಿ ನಕಲು ಮಾಡಿಕೊಳ್ಳುವ ಕಲಿಕೆಯ ರಿಮೋಟ್, ಅಂಗಡಿಯವರ ಮಾತಿನಲ್ಲಿ ಲರ್ನಿಂಗ್ ರಿಮೋಟ್. ನನ್ನ ಶಿಫಾರಸು ಎರಡನೆಯದಕ್ಕೆ, ಅಥವಾ ಎರಡೂ ಗುಣಗಳಿರುವುದಕ್ಕೆ. ಹೆಸರಾಂತ ಕಂಪನಿಗಳ ಟಿವಿಗೆ ಕೋಡ್ ಪಟ್ಟಿಯಲ್ಲಿ ಸ್ಥಾನವಿರುತ್ತದೆ, ಆದರೆ ನಮ್ಮ ಬಡಾವಣೆಯ ಕೇಬಲ್‌ನವರು ಕೊಡುವ ಡಬ್ಬದ ಹೆಸರು ಹೊರದೇಶದಲ್ಲಿ ತಯಾರಾದ ಪಟ್ಟಿಯಲ್ಲಿ ಸಿಗುವುದು ಅಪರೂಪ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಗೆ ಹೋಗುವವರು ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಭಾನುವಾರ ಅಲ್ಲಿನ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ನಾನು ಬರಿಗೈಯಲ್ಲಿ ಹೋಗಿ ಟಿವಿಯ ಹೆಸರು ಹೇಳತೊಡಗಿದಾಗ ಅಂಗಡಿಯಾತ, "ಹಳೇ ರಿಮೋಟ್ ತಂದಿಲ್ವಾ ಸರ್? ಬರೀ ಕಂಪನಿ ಹೆಸ್ರು ಹೇಳಿದ್ರೆ ಏನಂತ ಕೊಡ್ಲಿ?" ಎಂದ. ಆತನ ಮಾತು ನ್ಯಾಯವಾದದ್ದು. ಒಂದೇ ಕಂಪನಿಯ ಎರಡು ಮಾದರಿಗಳಿಗೆ ಬೇರೆ ಬೇರೆ ಕೋಡ್ ಇರಬಹುದು. ಆದ್ದರಿಂದ ಹಳೆಯ ರಿಮೋಟ್‌ಗಳನ್ನೂ, ಟಿವಿಯ ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯ ಫೋಟೊವನ್ನೂ ಒಯ್ಯಬೇಕು.

ಕೋಡ್ ಒತ್ತುವ ಕ್ರಮ ರಿಮೋಟ್‌ನಿಂದ ರಿಮೋಟ್‌ಗೆ ಸ್ವಲ್ಪ ಬದಲಾದರೂ ಅದರ ಸಾರ ಒಂದೇ. ಟಿವಿಯನ್ನು ಆನ್ ಮಾಡಿಟ್ಟು, ರಿಮೋಟ್‌ನ ಸೆಟ್ ಅಥವಾ ಸೆಟಪ್ ಗುಂಡಿಯನ್ನು ಕೆಂಪು ದೀಪ ಸ್ಥಿರವಾಗಿ ನಿಲ್ಲುವವರೆಗೆ ಒತ್ತಿ ಹಿಡಿದು, ಟಿವಿ ಗುಂಡಿಯನ್ನು ಒತ್ತಿ, ಪಟ್ಟಿಯಲ್ಲಿ ಆ ಕಂಪನಿಯ ಎದುರಿಗೆ ಕೊಟ್ಟಿರುವ ಅಂಕಿಗಳನ್ನು ಒಂದೊಂದಾಗಿ ಒತ್ತಬೇಕು. ದೀಪ ಆರಿದರೆ ಕೋಡ್ ಕುಳಿತಿದೆ ಎಂದರ್ಥ. ಪಟ್ಟಿ ಕಳೆದುಹೋಗಿದ್ದರೆ ಹುಡುಕಾಟದ ವಿಧಾನವಿದೆ: ಅದರಲ್ಲಿ ಪವರ್ ಗುಂಡಿಯನ್ನು ಒತ್ತುತ್ತ ಹೋದಂತೆ ರಿಮೋಟ್ ಒಂದೊಂದೇ ಕೋಡ್ ಕಳುಹಿಸಿ ನೋಡುತ್ತದೆ, ಟಿವಿ ಆರಿದ ಕ್ಷಣ ನಿಲ್ಲಿಸಬೇಕು. ಇಲ್ಲಿ ಅವಸರ ಮಾಡಬಾರದು. ಟಿವಿ ಆರಲು ಒಂದೆರಡು ಸೆಕೆಂಡ್ ತೆಗೆದುಕೊಂಡರೆ, ನೀವು ಅಷ್ಟರಲ್ಲಿ ಮುಂದಿನ ಕೋಡ್‌ಗೆ ಹೋಗಿಬಿಟ್ಟಿರುತ್ತೀರಿ. ಪ್ರತಿ ಒತ್ತಿಗೂ ಮನಸ್ಸಿನಲ್ಲಿ ಮೂರು ಎಣಿಸಿ ಮುಂದುವರಿಯುವುದು ಲೇಸು. ಟಿವಿ ಆರಿತೆಂದು ಹಿಗ್ಗುವುದೂ ಬೇಡ, ಏಕೆಂದರೆ ಪವರ್ ಮತ್ತು ವಾಲ್ಯೂಮ್‌ಗೆ ಒಪ್ಪುವ ಕೋಡ್ ಮೆನು, ಮ್ಯೂಟ್ ಅಥವಾ ಸೋರ್ಸ್‌ಗೆ ಒಪ್ಪದಿರಬಹುದು. ಎಲ್ಲ ಗುಂಡಿಗಳನ್ನೂ ಪರೀಕ್ಷಿಸಿ, ಸರಿಹೊಂದಿದ ಕೋಡ್ ಅನ್ನು ಚೀಟಿಯಲ್ಲಿ ಬರೆದು ಸೆಲ್ ಹಾಕುವ ಮುಚ್ಚಳದ ಒಳಗಡೆ ಅಂಟಿಸಿಡಬೇಕು.

ಕಲಿಸುವ ಕೆಲಸಕ್ಕೆ ತಾಳ್ಮೆಯೂ ಸರಿಯಾದ ಜಾಗವೂ ಬೇಕು. ನಾನು ಮೊದಲ ಸಲ ಪಶ್ಚಿಮದ ಕಿಟಕಿಯ ಪಕ್ಕ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಕುಳಿತು ಕಲಿಸಿದೆ; ಬಿಸಿಲಿನಲ್ಲೂ ಅವಕೆಂಪು ಕಿರಣ ಧಾರಾಳವಾಗಿ ಇರುವುದರಿಂದ ರಿಮೋಟ್ ಅರ್ಧಂಬರ್ಧ ಕಲಿತು, ವಾಲ್ಯೂಮ್ ಹೆಚ್ಚಿಸುವ ಗುಂಡಿ ನಾಲ್ಕು ಸಲ ಒತ್ತಿದರೆ ಒಮ್ಮೆ ಮಾತ್ರ ಕೆಲಸ ಮಾಡುತ್ತಿತ್ತು. ರಾತ್ರಿ ಊಟವಾದ ಮೇಲೆ ನೆಲದ ಮೇಲೆ ದಿನಪತ್ರಿಕೆ ಹಾಸಿ ಮತ್ತೆ ಕಲಿಸಿದಾಗ ಎಲ್ಲವೂ ಮೊದಲ ಸಲಕ್ಕೇ ಕುಳಿತವು. ಎರಡೂ ರಿಮೋಟ್‌ಗಳಿಗೆ ಹೊಸ ಸೆಲ್ ಹಾಕಿ, ಮೂತಿಗೆ ಮೂತಿ ಎದುರಾಗಿ, ಎರಡು ಬೆರಳಿನ ಅಂತರದಲ್ಲಿ, ಒಂದೇ ಎತ್ತರದಲ್ಲಿ ಇರುವಂತೆ ಮಲಗಿಸಬೇಕು. ಒಂದು ದಪ್ಪ, ಇನ್ನೊಂದು ತೆಳುವಾಗಿದ್ದರೆ ತೆಳುವಾದದ್ದರ ಕೆಳಗೆ ಮಡಿಸಿದ ಕಾಗದ ಇಟ್ಟರಾಯಿತು. ಹೊಸ ರಿಮೋಟ್‌ನಲ್ಲಿ ಲರ್ನ್ ಅಥವಾ ಸೆಟ್ ಗುಂಡಿಯನ್ನು ದೀಪ ಹತ್ತುವವರೆಗೆ ಹಿಡಿದು, ಯಾವ ಗುಂಡಿಗೆ ಕಲಿಸಬೇಕೋ ಅದನ್ನು ಒತ್ತಿ, ದೀಪ ಮಿನುಗತೊಡಗಿದಾಗ ಹಳೆಯ ರಿಮೋಟ್‌ನ ಅದೇ ಗುಂಡಿಯನ್ನು ಒತ್ತಬೇಕು. ದೀಪ ಎರಡು ಮೂರು ಬಾರಿ ಚುರುಕಾಗಿ ಮಿನುಗಿದರೆ ಪಾಠ ಒಪ್ಪಿತವಾಗಿದೆ. ಮುಂದಿನ ಗುಂಡಿಗೆ ಹೋಗಬಹುದು. ಎಲ್ಲ ಮುಗಿದ ಮೇಲೆ ಮತ್ತೆ ಸೆಟ್ ಒತ್ತಿ ಉಳಿಸುವುದನ್ನು ಮರೆತರೆ, ಕೆಲವು ರಿಮೋಟ್‌ಗಳಲ್ಲಿ ಕಲಿಸಿದ್ದೆಲ್ಲ ಹೋಗುತ್ತದೆ.

ಇಷ್ಟು ಎಚ್ಚರಿಕೆ ವಹಿಸಿದರೂ ಒಂದು ವಿಚಿತ್ರ ತೊಂದರೆ ಎದುರಾಗಬಹುದು. ಫಿಲಿಪ್ಸ್ ಕಂಪನಿ ರೂಪಿಸಿದ ಆರ್‌ಸಿ-5 ಎಂಬ ಸಂಕೇತ ಪದ್ಧತಿಯಲ್ಲಿ, ಗುಂಡಿಯನ್ನು ಪ್ರತಿ ಸಲ ಹೊಸದಾಗಿ ಒತ್ತಿದಾಗಲೂ ಸಂಕೇತದೊಳಗಿನ ಒಂದು ಬಿಟ್ 0 ಇದ್ದದ್ದು 1 ಆಗಿಯೂ, 1 ಇದ್ದದ್ದು 0 ಆಗಿಯೂ ಬದಲಾಗುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದರೋ ಎಂದು ಸಾಧನಕ್ಕೆ ತಿಳಿಯುವುದು ಇದರಿಂದ. ಅಗ್ಗದ ಕಲಿಕೆಯ ರಿಮೋಟ್ ಕಂಡದ್ದನ್ನು ಕಂಡಂತೆ ನಕಲು ಮಾಡುವುದರಿಂದ ಅದರ ಪ್ರತಿಯಲ್ಲಿ ಆ ಬಿಟ್ ಬದಲಾಗುವುದೇ ಇಲ್ಲ. ಪರಿಣಾಮವಾಗಿ 11ನೆಯ ಚಾನೆಲ್‌ಗೆಂದು 1 ಅನ್ನು ಎರಡು ಸಲ ಒತ್ತಿದರೆ, ಒಂದನ್ನೇ ಉದ್ದಕ್ಕೆ ಹಿಡಿದಿದ್ದಾರೆಂದು ಭಾವಿಸಿ ಡಬ್ಬ 1ನೆಯ ಚಾನೆಲ್‌ಗೆ ಹೋಗುತ್ತದೆ. ನಡುವೆ ಬೇರೆ ಗುಂಡಿ ಒತ್ತಿದರೆ ಮಾತ್ರ ಅದೇ ಗುಂಡಿ ಮತ್ತೆ ಕೆಲಸ ಮಾಡುತ್ತದೆ. ಹೀಗಾದಾಗ ರಿಮೋಟ್ ಕೆಟ್ಟಿದೆಯೆಂದು ಅಂಗಡಿಯವರ ಮೇಲೆ ಹರಿಹಾಯದೆ, ಆ ಸಾಧನಕ್ಕೆ ಮಾತ್ರ ಕಲಿಕೆಯನ್ನು ಬಿಟ್ಟು ಕೋಡ್ ಹುಡುಕಾಟವನ್ನು ಪ್ರಯತ್ನಿಸಬೇಕು.

ಟಿವಿಯ ಜೊತೆಗೆ ಬ್ಲೂಟೂತ್ ರಿಮೋಟ್ ಮಾತ್ರ ಬಂದಿದ್ದರೆ ಅದರಿಂದ ಕಲಿಸಲು ಆಗುವುದಿಲ್ಲ. ಅಂಥ ಟಿವಿಯಲ್ಲೂ ಸಾಮಾನ್ಯವಾಗಿ ಐಆರ್ ಕಣ್ಣು ಇರುತ್ತದೆ. ಆದ್ದರಿಂದ ಕೋಡ್ ಒತ್ತಬಹುದು, ಇಲ್ಲವೇ ಅದೇ ಕಂಪನಿಯ ಸಾಧಾರಣ ಐಆರ್ ರಿಮೋಟ್ ಅನ್ನು ಪಕ್ಕದ ಮನೆಯವರಿಂದ ಹತ್ತು ನಿಮಿಷಕ್ಕೆ ಎರವಲು ತಂದು ಕಲಿಸಬಹುದು.

ಗುಂಡಿಗಳೆಲ್ಲ ಕಲಿತ ಮೇಲೆ ಅವುಗಳ ಹಂಚಿಕೆಯನ್ನು ಯೋಚಿಸಬೇಕು. ಟಿವಿ, ಎಸ್‌ಟಿಬಿ (ಅಂದರೆ ಸೆಟ್ ಟಾಪ್ ಬಾಕ್ಸ್), ಆಡಿಯೊ ಎಂಬ ಬದಲಾವಣೆಯ ಗುಂಡಿಗಳಿರುವ ರಿಮೋಟ್‌ನಲ್ಲಿ, ಹಿರಿಯರ ಬೆರಳು ಅರಿವಿಲ್ಲದೆ ಒಂದರ ಮೇಲೆ ಬಿದ್ದರೆ ವಾಲ್ಯೂಮ್ ಗುಂಡಿ ಬೇರೆ ಸಾಧನಕ್ಕೆ ಹೋಗಿಬಿಡುತ್ತದೆ. ವಾಲ್ಯೂಮ್ ಅನ್ನು ಯಾವ ಸ್ಥಿತಿಯಲ್ಲೂ ಸೌಂಡ್‌ಬಾರ್‌ಗೇ ಕಟ್ಟಿಹಾಕುವ ಸೌಲಭ್ಯ ನಿಮ್ಮ ರಿಮೋಟ್‌ನಲ್ಲಿದ್ದರೆ ಅದನ್ನು ಬಳಸಿರಿ. ಇಲ್ಲದಿದ್ದರೆ ನಾನು ಮಾಡಿದಂತೆ, ಎಸ್‌ಟಿಬಿ ಸ್ಥಿತಿಯಲ್ಲೇ ವಾಲ್ಯೂಮ್ ಗುಂಡಿಗಳಿಗೆ ಸೌಂಡ್‌ಬಾರ್‌ನ ಸಂಕೇತವನ್ನೂ, ಕೆಳಗಿನ ಬಣ್ಣದ ಗುಂಡಿಗಳಲ್ಲಿ ಕೆಂಪಿಗೆ ಟಿವಿಯ ಪವರ್ ಅನ್ನೂ, ಹಸಿರಿಗೆ ಸೋರ್ಸ್ ಅನ್ನೂ ಕಲಿಸಿ, ಬದಲಾವಣೆಯ ಗುಂಡಿಗಳ ಮೇಲೆ ಟೇಪ್ ಅಂಟಿಸಿಬಿಡಬಹುದು. ಅಮ್ಮನಿಗೆ ಈಗ ಟೇಪ್‌ನ ಕೆಳಗೆ ಏನಿದೆಯೆಂಬ ಗೊಡವೆ ಇಲ್ಲ.

ಒಂದೇ ಗುಂಡಿಯಿಂದ ಎಲ್ಲವನ್ನೂ ಆನ್ ಮಾಡುವ ಸೌಲಭ್ಯದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಹುತೇಕ ಸಾಧನಗಳಿಗೆ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ಕರೆಂಟ್ ಹೋಗಿ ಬಂದಾಗ ನಮ್ಮ ಡಬ್ಬ ತಾನಾಗಿ ಹತ್ತಿಕೊಳ್ಳುತ್ತದೆ, ಟಿವಿ ಮಾತ್ರ ನಿದ್ದೆಯಲ್ಲೇ ಇರುತ್ತದೆ. ಆಗ ಆ ಗುಂಡಿ ಒತ್ತಿದರೆ ಟಿವಿ ಹತ್ತಿ, ಡಬ್ಬ ಆರುತ್ತದೆ. ಪವರ್ ಗುಂಡಿಗಳು ಬೇರೆ ಬೇರೆಯಾಗಿ ಇರುವುದೇ ಕ್ಷೇಮ.

ಏಸಿಯನ್ನು ಇದೇ ರಿಮೋಟ್‌ಗೆ ಸೇರಿಸಲು ಹೋಗಬೇಡಿರಿ: ಏಸಿಯ ರಿಮೋಟ್ ಪ್ರತಿ ಒತ್ತಿಗೂ ತಾಪಮಾನ, ಫ್ಯಾನ್ ವೇಗ, ವಿಧಾನ ಎಲ್ಲವನ್ನೂ ಒಟ್ಟಿಗೆ ಕಳುಹಿಸುವುದರಿಂದ, ಒಂದು ಗುಂಡಿ ಕಲಿಯುವುದು ಒಂದು ನಿರ್ದಿಷ್ಟ ಸ್ಥಿತಿಯನ್ನೇ ಹೊರತು ಒಂದು ಡಿಗ್ರಿ ಏರಿಸುವುದನ್ನಲ್ಲ. ವೈಫೈ ಮೂಲಕ ಮೊಬೈಲ್‌ನಿಂದ ನಡೆಸುವ ಐಆರ್ ಡಬ್ಬಿಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಒಂದು ಕಾಲಕ್ಕೆ ಹೆಸರು ಮಾಡಿದ್ದ ಲಾಜಿಟೆಕ್ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನು ಕಂಪನಿ 2021ರಲ್ಲಿ ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಇದನ್ನು ನೆನಪಿನಲ್ಲಿಡಬೇಕು.

ಸೆಲ್ ಬದಲಿಸುವಾಗ ಹೊಸದನ್ನು ಕೈಯಲ್ಲಿ ಇಟ್ಟುಕೊಂಡೇ ಹಳೆಯದನ್ನು ತೆಗೆಯಬೇಕು, ಏಕೆಂದರೆ ಕೆಲವು ಅಗ್ಗದ ರಿಮೋಟ್‌ಗಳು ಸೆಲ್ ಇಲ್ಲದೆ ಹೆಚ್ಚು ಹೊತ್ತು ಇದ್ದರೆ ಕಲಿತದ್ದನ್ನು ಮರೆಯುತ್ತವೆ. ಮತ್ತೆ ಕಲಿಸಲು ಹಳೆಯ ರಿಮೋಟ್‌ಗಳೇ ಗುರುಗಳಾದ್ದರಿಂದ ಅವುಗಳನ್ನು ಎಸೆಯಬಾರದು. ನಮ್ಮ ಮನೆಯಲ್ಲಿ ಆ ನಾಲ್ಕನ್ನೂ ಸೋರಿ ಕಿಲುಬು ಹಿಡಿಯದಂತೆ ಸೆಲ್ ತೆಗೆದು, ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹಾಕಿ ಶೋಕೇಸ್‌ನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಅಮ್ಮ ಕೇಳಿದ್ದ ಚೀಟಿಗಳನ್ನು ಕೊನೆಗೂ ಅಂಟಿಸಿದ್ದು ಅವುಗಳ ಬೆನ್ನಿಗೆ.