ಮೋಟಾರಿಲ್ಲದೆ ಮೂಟೆ ಇಳಿಸಿದ್ದು

ಮೂಡಿಗೆರೆ ಕಡೆಯ ನಮ್ಮ ತೋಟದ ಮೇಲಿನ ಪಟ್ಟೆಯಿಂದ ಕಾಫಿ ಹಣ್ಣನ್ನು ತಂತಿಯ ಮೇಲೆ ಇಳಿಸುತ್ತೇನೆ ಎಂದಾಗ ಪಕ್ಕದ ತೋಟದವರೂ ನಂಬಲಿಲ್ಲ, ತೋಟದ ಲೆಕ್ಕ ಬರೆಯುವ ನಮ್ಮ ರೈಟರೂ ನಂಬಲಿಲ್ಲ. ಮೋಟಾರು, ಹಗ್ಗ ಸುತ್ತಿ ಎಳೆಯುವ ವಿಂಚು ಬೇಕೇ ಬೇಕು ಎಂದರು. ಅದಕ್ಕೆ ಎರಡು ಲಕ್ಷದ ಹತ್ತಿರ ಕೇಳಿದ್ದರು. ಈ ಸಲದ ಅರೇಬಿಕಾ ಪೂರ್ತಿ ನನ್ನ ತಂತಿಯ ಮೇಲೆಯೇ ಕಣ ಸೇರಿದೆ. ಖರ್ಚು ನಲವತ್ತು ಸಾವಿರದೊಳಗೆ.

ಇಳಿಸಲು ಗುರುತ್ವ ಸಾಕು, ಕಷ್ಟವಿರುವುದು ತಡೆಯುವುದರಲ್ಲಿ. ತಂತಿ 120 ಮೀಟರ್ ಆಸುಪಾಸು, ಇಳಿತ 40 ಮೀಟರ್. ಘರ್ಷಣೆಯೇ ಇಲ್ಲದಿದ್ದರೆ ಮೂಟೆ ಕೆಳಗೆ ಮುಟ್ಟುವಾಗ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುತ್ತದೆ.

ತಂತಿಯನ್ನು ಬಿಗಿದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳಿದ್ದರಿಂದ ಮೊದಲ ವರ್ಷ ಹಾಗೆಯೇ ಬಿಗಿದೆವು. ತಂತಿ ಕಟ್ಟಿದ್ದ ಸಿಲ್ವರ್ ಓಕ್ ಮರ ಬುಡಸಮೇತ ವಾಲಿತು. ಎರಡು ಮೂಟೆಯ ನೂರು ಕೆಜಿ ಹೊರೆ ತಂತಿಯ ನಡುವೆ ಬಂದಾಗ ಜೋಲು 3 ಮೀಟರ್ ಇದ್ದರೆ ತಂತಿಯ ಎಳೆತ ಸುಮಾರು ಒಂದು ಟನ್. 6 ಮೀಟರ್ ಜೋಲಿದರೆ ಅರ್ಧ ಟನ್. ಈಗ ಧಾರಾಳವಾಗಿ ಜೋಲು ಬಿಡುತ್ತೇನೆ.

ಆಮೇಲೆ ಮೂಟೆಯ ವೇಗ ತಡೆಯಲೆಂದು ಜೀಪಿನ ಹಳೆಯ ಬ್ರೇಕ್ ಡ್ರಮ್ಮಿಗೆ ಆರೇಳು ಸಾವಿರ ಸುರಿದೆ. ಮಂಜಿಗೆ ಅದರೊಳಗಿನ ಹಿಡಿಯುವ ಪಟ್ಟಿ, ಅಂದರೆ ಲೈನರ್, ಒದ್ದೆಯಾದರೆ ಹಿಡಿಯುತ್ತಿರಲಿಲ್ಲ. ಒಣಗಿದರೆ ಗಕ್ಕನೆ ಹಿಡಿದು ಮೂಟೆ ಎಗರಿ ಹಣ್ಣೆಲ್ಲ ಗಿಡಗಳ ಬುಡಕ್ಕೆ ಚೆಲ್ಲುತ್ತಿತ್ತು.

ರಂಪ ಮಾಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಸುತ್ತು ಹಾಕಿ ಹಿಡಿಯುವುದಿಲ್ಲವೇ? ಅದನ್ನೇ ಮಾಡಿದೆ. ಮೂಟೆ ತೂಗುವ ರಾಟೆಗೆ ಕಟ್ಟಿದ ಹಗ್ಗವನ್ನು ಮೇಲುಗಡೆ ಹೂತ ದಿಮ್ಮಿಗೆ ಸುತ್ತಿ ಬಿಡುತ್ತಾ ಹೋಗುವುದು. ಇಳಿಜಾರಿನಲ್ಲಿ ಎರಡು ಮೂಟೆಯ ಎಳೆತ ಸುಮಾರು ಮೂವತ್ತು ಕೆಜಿ. ಒಂದು ಸುತ್ತಿಗೆ ಕೈಗೆ ಬೀಳುವುದು ಐದು ಕೆಜಿ, ಎರಡು ಸುತ್ತಿಗೆ ಒಂದು ಕೆಜಿಯೂ ಇಲ್ಲ. ಹಿಡಿತ ಸುತ್ತಿನಿಂದ ಸುತ್ತಿಗೆ ಕೂಡುವುದಿಲ್ಲ, ಗುಣಿಸುತ್ತದೆ. ನೈಲಾನ್ ಹಗ್ಗ ಬೇಡ: ನಾಲ್ಕನೆಯ ಇಳಿತಕ್ಕೇ ಬಿಸಿಗೆ ಅದರ ಎಳೆಗಳು ಕರಗಿ, ಗಾಜಿನಂತೆ ಹೊಳೆಯುತ್ತಾ ದಿಮ್ಮಿಗೆ ಮೆತ್ತಿಕೊಂಡಿದ್ದವು. ನಾನು ನೂಲಿನ ಹಗ್ಗ ಬಳಸುತ್ತೇನೆ. ದಿಮ್ಮಿ ಯಾವ ಮರದ್ದು, ಅದಕ್ಕೆ ಏನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಭಾರದ ಮೂಟೆ ಬೇಗ ಓಡುತ್ತದೆ ಎಂದು ರೈಟರು ಹೇಳುತ್ತಿದ್ದುದಕ್ಕೆ ನಡುವೆ ಇನ್ನೊಂದು ಪರೀಕ್ಷೆ. ತಂತಿಯ ಕೆಳತುದಿಯಲ್ಲಿ ಹುಲ್ಲಿನ ರಾಶಿ ಹಾಕಿ, ತುಂಬಿದ ಮೂಟೆಯನ್ನೂ ಅರ್ಧ ಮೂಟೆಯನ್ನೂ ಹಗ್ಗವಿಲ್ಲದೆ ಹತ್ತಿಪ್ಪತ್ತು ಮೀಟರ್ ಬಿಟ್ಟು ನೋಡಿದೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯಿತು. ಭಾರ ಹೆಚ್ಚಿದರೆ ಎಳೆತವೂ ಹೆಚ್ಚುತ್ತದೆ, ಅಲುಗಿಸಬೇಕಾದ ಹೊರೆಯೂ ಅಷ್ಟೇ ಹೆಚ್ಚುತ್ತದೆ. ರೈಟರು ಬಾಯಿ ಮುಚ್ಚಿದ್ದು ಅಂದೇ.

ಇಬ್ಬನಿಗೆ ಹಗ್ಗ ನೆನೆದ ದಿನ ಹಿಡಿತ ಬದಲಾಗುತ್ತದೆ. ಬೆಳಗಿನ ಮೊದಲ ಇಳಿತಕ್ಕೆ ಅರ್ಧ ಮೂಟೆ ಮಾತ್ರ ಹಾಕಿ ನೋಡಿ. ತಂತಿಯ ಕೆಳಗೆ ಆಳುಗಳನ್ನು ನಿಲ್ಲಿಸಬೇಡಿ.