43 ಡಿಗ್ರಿಯ ಊರಲ್ಲಿ ವೈನ್ ಉಳಿಸಿದ ನನ್ನ ಅನುಭವ

ಹೋದ ಮೇ ತಿಂಗಳ ಒಂದು ಶನಿವಾರ ರಾತ್ರಿ ನಮ್ಮ ಕಾಕಾ ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತಿ ಬಾಯಿಗಿಟ್ಟು, ಮೇಲೊಂದು ಗುಟುಕು ಬಿಳಿ ವೈನ್ ಕುಡಿದು, ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. "ಏನ್ ತಮ್ಮಾ, ಇದು ಖರೇನೇ ಎಂಟುನೂರರ ಬಾಟ್ಲೀನಾ?" ಅಂದರು. ಆರು ವರ್ಷದ ಹಿಂದೆ "ಕಲಬುರಗಿ ಬಿಸಿಲಾಗ ವೈನ್ ಇಡೋದಂದ್ರ ಹಾಲು ಬಿಸಿಲಿಗಿಟ್ಟಂಗ, ಸುಮ್ನ ರೊಕ್ಕ ಸುಡಬ್ಯಾಡ" ಅಂದವರು ಇವರೇ. ಅವತ್ತು ಹಗಲು 43 ಡಿಗ್ರಿ ದಾಟಿತ್ತು. ಆ ರಾತ್ರಿಯೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ಫ್ರಿಜ್, ಕೂಲರ್ ರಿಪೇರಿ ನನ್ನ ಕಸುಬು, 22 ವರ್ಷ ಆಯಿತು. ವೈನಿನ ರುಚಿ ಹತ್ತಿದ್ದು ಬೆಂಗಳೂರಿಗೆ ಕಂಪನಿ ಟ್ರೇನಿಂಗಿಗೆ ಹೋದಾಗ, ದೊಡ್ಡಬಳ್ಳಾಪುರದ ಕಡೆ ಗ್ರೋವರ್‌ನವರ ವೈನ್ ದ್ರಾಕ್ಷಿಯ ತೋಟ ನೋಡಿ ಬಂದ ಮೇಲೆ. ನಮ್ಮ ಕಡೆ ವೈನ್ ಅಂದರೆ ಗೋವಾದ ಸಿಹಿ ಪೋರ್ಟು, ಅಷ್ಟೇ. ಅಂಗಡಿಯ ಬೋರ್ಡಿನ ಮೇಲೆ ದೊಡ್ಡದಾಗಿ 'ವೈನ್ಸ್' ಅಂತ ಬರೆದಿರುತ್ತದೆ, ಒಳಗೆ ಹೋಗಿ ವೈನ್ ಕೇಳಿದರೆ "ಇಲ್ರಿ, ಬಿಯರ್ ಕೊಡ್ಲೇನು?" ಅನ್ನುತ್ತಾರೆ. ಮನೆಯಲ್ಲಿ ಮೊದಲ ಸಲ ಮಾತೆತ್ತಿದಾಗ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, "ನನ್ನ ಹೆಸರು ಯಾಕ್ ಇಟ್ಟಾರ ಅದಕ್ಕ?" ಅಂತ ನಕ್ಕಿದ್ದರು. ಈಗ ತಿಂಗಳಿಗೊಮ್ಮೆ ಊಟಕ್ಕೆ, ವೈನಿಗೆ ಸೇರುವ ನಮ್ಮ ಗುಂಪಿನಲ್ಲಿ ಯಾವ ಬಾಟಲಿ ಸರಿಯಿಲ್ಲ ಅಂತ ಮೂಗಿನಿಂದಲೇ ಹೇಳುವವರು ಅವರೊಬ್ಬರೇ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ಆರು ಬಾಟಲಿ ಕೆಂಪು ವೈನ್ ತಂದು ಅಟ್ಟದ ಮೇಲೆ ಇಟ್ಟೆ. ಕತ್ತಲೆ ಜಾಗ, ಮಲಗಿಸಿ ಇಟ್ಟಿದ್ದೆ, ಓದಿದ್ದನ್ನೆಲ್ಲ ಪಾಲಿಸಿದ್ದೆ. ಇಟ್ಟದ್ದು ಫೆಬ್ರುವರಿಯಲ್ಲಿ. ಮೇ ಕೊನೆಗೆ ಇಳಿಸಿದಾಗ ನಾಲ್ಕು ಬಾಟಲಿಯ ಬಿರಡೆ ಒಂದು ಕಾಳಿನಷ್ಟು ಮೇಲೆ ಎದ್ದಿತ್ತು, ಕುತ್ತಿಗೆಯ ಸುತ್ತ ಅಂಟು ಅಂಟು. ತೆಗೆದು ಕುಡಿದರೆ ಕುದಿಸಿದ ಒಣದ್ರಾಕ್ಷಿ ನೀರು, ಹಿಂದಿನಿಂದ ಸುಟ್ಟ ಬೆಲ್ಲದ ವಾಸನೆ. ಕಾಕಾ ಹೇಳಿದಂತೆ ಹುಳಿಯಾಗಿರಲಿಲ್ಲ, ಬೆಂದು ಹೋಗಿತ್ತು. ಸುಮಾರು 5,000 ರೂಪಾಯಿ ಅಟ್ಟದ ಮೇಲೆಯೇ ಕರಗಿತು.

ಮುಂದಿನ ವರ್ಷ ಮಂಚದ ಕೆಳಗೆ ಶಹಾಬಾದ್ ಕಲ್ಲಿನ ಫರ್ಸಿ ನೆಲದ ಮೇಲೆ ಇಟ್ಟೆ. ಬರಿಗಾಲಿಗೆ ಫರ್ಸಿ ತಣ್ಣಗೆ ಅನ್ನಿಸುತ್ತದೆ, ಥರ್ಮಾಮೀಟರ್ ಇಟ್ಟು ನೋಡಿದರೆ ಏಪ್ರಿಲ್ ಮಧ್ಯಾಹ್ನ 34. ಬಾವಿಯೂ ನೋಡಿದೆ. ಆಳಂದ ಕಡೆ ನಮ್ಮ ಮಾವನ ಹೊಲದ ಬಾವಿಗೆ ಎರಡು ಬಾಟಲಿ ಹಗ್ಗ ಕಟ್ಟಿ ಬಿಟ್ಟೆ. ನೀರು 27ರ ಹತ್ತಿರ ನಿಂತಿತ್ತು. ಒಂದು ರಾತ್ರಿಯ ಊಟಕ್ಕೆ ನಡೆಯುತ್ತದೆ, ವರ್ಷಗಟ್ಟಲೆ ಇಡುವುದಕ್ಕೆ ಅಲ್ಲ. ಮೇಲಾಗಿ ಒಂದು ಬಾಟಲಿಯ ಲೇಬಲ್ ಕರಗಿ, ಅದು ಯಾವುದು ಅನ್ನುವುದೇ ಗೊತ್ತಾಗಲಿಲ್ಲ. ಮನೆಯ ಫ್ರಿಜ್ಜಿನಲ್ಲೇ ಇಟ್ಟರೆ 4 ಡಿಗ್ರಿ. ಬಿಳಿಯದು ಪರವಾಗಿಲ್ಲ, ಕೆಂಪಿನಲ್ಲಿ ಹಣ್ಣಿನ ವಾಸನೆ ಸತ್ತು ಬರೀ ಒಗರು ಉಳಿಯುತ್ತದೆ. ಹಸಿ ಅಡಕೆ ಕಚ್ಚಿದಂತೆ.

ಅಲ್ಲಿಗೆ ನನ್ನ ಕಸುಬೇ ಕೈಹಿಡಿಯಿತು. ಗಿರಾಕಿಯೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಸಿಂಗಲ್ ಡೋರ್ ಫ್ರಿಜ್, 165 ಲೀಟರಿನದು, 1,800ಕ್ಕೆ ಸಿಕ್ಕಿತು. ತಂಪು ಮಾಡುವ 134ಎ ಗ್ಯಾಸ್, ಹೊಸ ಫಿಲ್ಟರ್ ಸೇರಿ ಇನ್ನೊಂದು 1,200. ಒಳಗಿನ ಥರ್ಮೋಸ್ಟಾಟ್ ಬೈಪಾಸ್ ಮಾಡಿ, ಹೊರಗೆ ಎಸ್‌ಟಿಸಿ 1000 ಅನ್ನುವ ತಾಪಮಾನ ಕಂಟ್ರೋಲರ್ ಹಾಕಿ, ವೈನಿಗೆ ಹದವಾದ 13 ಡಿಗ್ರಿಗೆ ಸೆಟ್ ಮಾಡಿದೆ. ಕಂಟ್ರೋಲರ್ ಐದುನೂರರ ಒಳಗೆ. ಹಳೆಯ ಸ್ಟೆಬಿಲೈಸರ್ ನನ್ನ ಹತ್ತಿರವೇ ಇತ್ತು. ಒಟ್ಟು ನಾಲ್ಕು ಸಾವಿರ ದಾಟಲಿಲ್ಲ. ಪೇಟೆಯಲ್ಲಿ ಇದೇ ಕೆಲಸಕ್ಕೆ ಸಿಗುವ ವೈನ್ ಫ್ರಿಜ್‌ಗೆ ಆಗ ಇಪ್ಪತ್ತು ಸಾವಿರದ ಮೇಲೆ ಕೇಳುತ್ತಿದ್ದರು. ಅಂಗಡಿಯ ಹುಡುಗರು "ಗುರುಗಳ, 13ಕ್ಕ ಸೆಟ್ ಮಾಡಿದ್ರ ಅದು ಫ್ರಿಜ್ ಹೆಂಗಾತದ್ರಿ, ಕಪಾಟ ಆತದ" ಅಂತ ನಕ್ಕರು.

ಮೂರೇ ವಾರಕ್ಕೆ ಕಂಪ್ರೆಸರನ್ನು ಚಾಲೂ ಮಾಡುವ ರಿಲೇ ಸುಟ್ಟಿತು. ತಪ್ಪು ನನ್ನದೇ. ತಾಪ ಅಳೆಯುವ ಪ್ರೋಬನ್ನು ಗಾಳಿಯಲ್ಲಿ ನೇತು ಹಾಕಿದ್ದೆ, ಡಿಫರೆನ್ಸ್, ಅಂದರೆ ಚಾಲೂ-ಬಂದ್ ನಡುವಿನ ಅಂತರ, ಅರ್ಧ ಡಿಗ್ರಿ ಇಟ್ಟಿದ್ದೆ. ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಹೊಡೆದುಕೊಂಡು ಏಳುತ್ತಿತ್ತು, ಆರುವಷ್ಟು ಹೊತ್ತು ಇರಲಿಲ್ಲ. ಆಮೇಲೆ ಹಳೆಯ ಬಾಟಲಿಯೊಂದಕ್ಕೆ ನೀರು ತುಂಬಿ, ಪ್ರೋಬನ್ನು ಅದರೊಳಗೆ ಇಳಿಸಿ, ಬಾಯಿಗೆ ಎಂ-ಸೀಲ್ ಮೆತ್ತಿದೆ. ಈಗ ಅದು ಗಾಳಿಯನ್ನಲ್ಲ, ಬಾಟಲಿಯೊಳಗಿನ ನೀರನ್ನು ಅಳೆಯುತ್ತದೆ. ಡಿಫರೆನ್ಸ್ 2 ಡಿಗ್ರಿ, ಡಿಲೇ, ಅಂದರೆ ಮತ್ತೆ ಚಾಲೂ ಆಗುವ ಮೊದಲು ಕಾಯುವ ಹೊತ್ತು, 5 ನಿಮಿಷ. ಆ ರಿಲೇ ಬದಲಿಸಿದ ಮೇಲೆ ಐದು ಬೇಸಿಗೆ ಕಳೆದಿವೆ, ಮತ್ತೆ ಕೈ ಹಾಕಿಲ್ಲ. ಕರೆಂಟು ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸು, ಚಳಿಗಾಲದಲ್ಲಿ ಅರ್ಧವೂ ಇಲ್ಲ. ಹಿಂದಿನ ಕಾಯಿಲ್ ಗೋಡೆಯಿಂದ ಒಂದು ಗೇಣು ದೂರ ಇರಲೇಬೇಕು, ನಮ್ಮ ಬೇಸಿಗೆಗೆ ಕಂಪನಿಯವರು ಹೇಳುವ ನಾಲ್ಕು ಬೆರಳು ಸಾಲದು.

ಇನ್ನೊಂದು ಕಾಟ ತೇವದ್ದು. 13ರಲ್ಲಿ ನಡೆಸಿದರೆ ಫ್ರೀಜರ್ ಮೇಲೆ ಹಿಡಿದ ಮಂಜು ಪ್ರತಿ ಸಲ ಕರಗಿ ತೊಟ್ಟಿಕ್ಕುತ್ತದೆ, ಲೇಬಲ್ಲುಗಳಿಗೆ ಬೂಷ್ಟು ಹಿಡಿಯುತ್ತದೆ. ಪ್ರತಿ ಬಾಟಲಿಗೆ ಹಳೆ ಪೇಪರ್ ಸುತ್ತಿ, ಕುತ್ತಿಗೆಗೆ ಚೀಟಿ ಕಟ್ಟುತ್ತೇನೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇದ್ದ ಐದು ಡಿಗ್ರಿ ವ್ಯತ್ಯಾಸವನ್ನು ಕಂಪ್ಯೂಟರಿನ ಸಣ್ಣ ಫ್ಯಾನೊಂದರಿಂದ ಒಂದು ಡಿಗ್ರಿಗೆ ಇಳಿಸಿದೆ. ಆ ಫ್ಯಾನ್ ಎಲ್ಲಿ ಕೂರಿಸಿದೆ, ಯಾವ ಕಡೆಗೆ ತಿರುಗಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ತಿಂಗಳು ನಿದ್ದೆಗೆಟ್ಟಿದ್ದೇನೆ. 22 ಬಾಟಲಿ ಹಿಡಿಯುತ್ತದೆ.

ಕರೆಂಟು ಹೋದರೆ? ಅದಕ್ಕೂ ಒಂದು ಪ್ರಯೋಗ ಮಾಡಿದ್ದೇನೆ. ಬಾಟಲಿಗೆ ಒದ್ದೆ ಗೋಣಿತಟ್ಟು ಸುತ್ತಿ, ಇನ್ವರ್ಟರ್ ಮೇಲೆ ನಡೆಯುವ ಫ್ಯಾನಿನ ಕೆಳಗೆ ಇಟ್ಟೆ. ಮೇ ತಿಂಗಳು, ಕೋಣೆ 39. ಒಂದೂವರೆ ತಾಸಿನಲ್ಲಿ ಬಾಟಲಿ 26ಕ್ಕೆ ಇಳಿಯಿತು. ನಮ್ಮ ಒಣ ಬಿಸಿಲು ಅಷ್ಟು ಉಪಕಾರ ಮಾಡುತ್ತದೆ. ಅದನ್ನೇ ಆಗಸ್ಟಿನ ತೇವದಲ್ಲಿ ಮಾಡಿದಾಗ ಮೂರು ಡಿಗ್ರಿಯೂ ಇಳಿಯಲಿಲ್ಲ.

ಬಾಟಲಿ ಉಳಿಯಿತು. ಊಟದ ಜೊತೆ ಕೂಡುವುದು ಬೇರೆಯೇ ಗುದ್ದಾಟ. ಮೊದಲ ಕೂಟದಲ್ಲಿ ಆಸೆಯಿಂದ ಕ್ಯಾಬರ್ನೆ-ಶಿರಾಜ್ ಅನ್ನುವ ಕೆಂಪು ವೈನ್ ತೆಗೆದು, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ ಬಡಿಸಿದೆ. ಗೆಳೆಯನೊಬ್ಬ ಎರಡನೇ ಗುಟುಕಿಗೇ ನೀರು ಕೇಳಿದ. "ಖಾರಕ್ಕ ಬೆಂಕಿ ಹಚ್ಚಿದಂಗ ಆತಲ್ಲಪಾ!" ಅವನು ಹೇಳಿದ್ದು ಸರಿ. ಒಗರು ಜಾಸ್ತಿ, ಆಲ್ಕೋಹಾಲ್ ಶೇಕಡಾ 14ರ ಹತ್ತಿರ ಇರುವ ಕೆಂಪು ವೈನ್ ನಮ್ಮ ಖಾರವನ್ನು ಎತ್ತಿ ಹಿಡಿಯುತ್ತದೆ. ಮೀನಿಗೆ ಯಾವ ವೈನ್, ಮಾಂಸಕ್ಕೆ ಯಾವ ವೈನ್ ಅನ್ನುವ ಪಟ್ಟಿಗಳು ಪುಸ್ತಕದಲ್ಲಿ ಇರುತ್ತವೆ, ಗುಂಟೂರು ಮೆಣಸಿನಕಾಯಿಯ ಪಟ್ಟಿ ನಾನು ನೋಡಿದ ಯಾವುದರಲ್ಲೂ ಇರಲಿಲ್ಲ. ನಾವೇ ಮಾಡಿಕೊಳ್ಳಬೇಕು.

ನಮಗೆ ಗಟ್ಟಿಯಾಗಿ ಕೂಡಿಬಂದದ್ದು ಇಷ್ಟು. ಎಣ್ಣೆಗಾಯಿಗೆ ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್, ಚೆನ್ನಾಗಿ ತಣ್ಣಗೆ ಮಾಡಿ. ನಾಸಿಕ್‌ನ ಸುಲಾ ಕಂಪನಿಯದು ವೈನ್ ಇಡುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆ ಸಿಹಿಯು ಖಾರವನ್ನು ಕೂರಿಸುತ್ತದೆ, ವೈನಿನ ಹುಳಿಯು ಎಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆಯುತ್ತದೆ. ಪುಂಡಿಪಲ್ಯದ ಮುಂದೆ ಬಹಳ ವೈನುಗಳು ಸಪ್ಪೆಯಾಗಿ ಹೋದವು, ಏಕೆಂದರೆ ಪುಂಡಿಯ ಹುಳಿ ಅವಕ್ಕಿಂತ ಜೋರು. ಸೊವಿನ್ಯೋಂ ಬ್ಲಾಂಕ್ ಅನ್ನುವ ಬಿಳಿ ವೈನ್ ಒಂದೇ ಅದಕ್ಕೆ ಸಮ ನಿಂತದ್ದು. ಎರಡೂ ಹುಳಿ, ಎರಡಕ್ಕೂ ಹಸಿರು ಸೊಪ್ಪಿನ ವಾಸನೆ. ಕಾಕಾ ಟ್ಯೂಬ್‌ಲೈಟಿಗೆ ಹಿಡಿದದ್ದು ಅದನ್ನೇ. ನಮ್ಮ ಮನೆಯವಳು ಈ ಪಲ್ಯಕ್ಕೆ ಕೊನೆಯಲ್ಲಿ ಒಂದು ಚಿಟಿಕೆ ಏನೋ ಹಾಕುತ್ತಾಳೆ. ಅದು ಅವಳ ಗುಟ್ಟು, ನನಗೂ ಪೂರ್ತಿ ಹೇಳಿಲ್ಲ.

ಮಟನ್ ತಹಾರಿಗೆ, ಅಂದರೆ ಮಾಂಸ ಹಾಕಿದ ಮಸಾಲೆ ಅನ್ನಕ್ಕೆ, ಕೆಂಪೇ ಬೇಕು, ಆದರೆ ತೆಳುವಾದದ್ದು. ಫ್ರಾಟೆಲ್ಲಿ ಕಂಪನಿಯವರ ಸಾಂಜೊವೆಸೆ ಅನ್ನುವ ಕೆಂಪು ವೈನ್ ಚೆನ್ನಾಗಿ ಹೊಂದಿತು. ಅವರ ತೋಟ ಇರುವುದು ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ, ನಮ್ಮ ಪಕ್ಕದ ಜಿಲ್ಲೆ, ನಮ್ಮಂಥದ್ದೇ ಬಿಸಿಲು. ಬಿಸಿಲೂರಿನ ದ್ರಾಕ್ಷಿ ಬಿಸಿಲೂರಿನ ಅಡುಗೆಗೆ ಒಗ್ಗುತ್ತದೆ ಅಂತ ನನ್ನ ನಂಬಿಕೆ. ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಜೊತೆ ನೊರೆಯೇಳುವ, ಸಿಹಿ ಕಮ್ಮಿಯ ಬ್ರೂಟ್ ವೈನ್ ಕುಡಿದು ನೋಡಿದೆವು, ಗುಳ್ಳೆಗಳು ಮಿರ್ಚಿಯ ಖಾರಕ್ಕೆ ಇನ್ನಷ್ಟು ಸೂಜಿ ಚುಚ್ಚಿದವು. ಉಳ್ಳಾಗಡ್ಡಿ ಭಜಿಗೆ ಮಾತ್ರ ಅದರಷ್ಟು ಒಳ್ಳೆಯ ಜೋಡಿ ಇಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಹೆಚ್ಚಿ ರೋಜೆ ಅನ್ನುವ ಗುಲಾಬಿ ಬಣ್ಣದ ವೈನಿನಲ್ಲಿ ನೆನೆಸಿದ್ದೂ ಉಂಟು. ಹಣ್ಣು ಮೆತ್ತಗಾಗಿ ಗಂಜಿಯಾಯಿತು, ವೈನೂ ಹೋಯಿತು, ಒಳ್ಳೆಯ ಬಾಳೆಹಣ್ಣೂ ಹೋಯಿತು. ಮಾವಿನಹಣ್ಣಿನ ಜೊತೆ ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನ್, ಲೇಟ್ ಹಾರ್ವೆಸ್ಟ್ ಶೆನಿನ್, ಗೆದ್ದಿತು. ಪೋರ್ಟ್ ಬಿಟ್ಟು ಬೇರೆ ಮುಟ್ಟದ ನಮ್ಮ ಮಾವನವರೂ ಅದಕ್ಕೆ ಎರಡನೇ ಸಲ ಗ್ಲಾಸ್ ಚಾಚಿದರು.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಅನ್ನುವ ಮಾತನ್ನು ನಂಬಬೇಡಿ. ಅದು 16-18ರ ಕೋಣೆ ಇರುವವರ ಮಾತು. ಕೆಂಪನ್ನು 13ರಿಂದ ತೆಗೆದು ನೇರ ಸುರಿಯಿರಿ, ಗ್ಲಾಸಿನಲ್ಲೇ ಹದಕ್ಕೆ ಬರುತ್ತದೆ. ಒಂದೇ ಸಲ 150 ಎಂ.ಎಲ್. ಸುರಿದರೆ ಅರ್ಧ ಕುಡಿಯುವಷ್ಟರಲ್ಲಿ ಚಹಾ ಆಗುತ್ತದೆ, 60-70 ಸುರಿದು ಮತ್ತೆ ಮತ್ತೆ ಹಾಕಿ. ಬಿಳಿಯದಕ್ಕೆ ಬಕೆಟ್‌ನಲ್ಲಿ ಐಸು, ನೀರು, ಒಂದು ಹಿಡಿ ಕಲ್ಲುಪ್ಪು. 15-20 ನಿಮಿಷ ಸಾಕು. ಬರೀ ಐಸ್ ಹಾಕಿದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಇರಲೇಬೇಕು. ಉಳಿದ ವೈನನ್ನು 375 ಎಂ.ಎಲ್.ನ ಸಣ್ಣ ಬಾಟಲಿಗೆ ಅಂಚಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ನಾಲ್ಕು ದಿನ ಬರುತ್ತದೆ.

ಇನ್ನು ರೊಕ್ಕ. ನಾವು ಎಂಟು ಜನ ಭಿಶಿ, ಅಂದರೆ ತಿಂಗಳ ಚೀಟಿ, ಹಾಕಿದೆವು. ತಿಂಗಳಿಗೆ ತಲೆಗೆ 500, ಒಟ್ಟು 4,000. 700ರಿಂದ 900ರ ಒಳಗಿನ ನಾಲ್ಕು ಬಾಟಲಿ ಬರುತ್ತವೆ, ಉಳಿದದ್ದು ಐಸು, ಭಜಿ, ಮಟನ್ನಿಗೆ. ಅಡುಗೆ ಸರದಿಯ ಮನೆಯವರದು. ನಾಲ್ಕು ಬಾಟಲಿ ಎಂಟು ಜನಕ್ಕೆ, ಅಂದರೆ ತಲೆಗೆ ಎರಡೂವರೆ ಗ್ಲಾಸು, ಮೂರು ತಾಸಿನ ಊಟದಲ್ಲಿ. ಅದಕ್ಕಿಂತ ಹೆಚ್ಚು ತರುವುದಿಲ್ಲ, ಗಾಡಿ ಯಾರೂ ಮುಟ್ಟುವುದಿಲ್ಲ, ಕುಡಿಯದವರಿಗೆ ಒತ್ತಾಯ ಇಲ್ಲ. ನಮ್ಮ ಅವ್ವ ಮಜ್ಜಿಗೆ ಗ್ಲಾಸ್ ಹಿಡಿದು ನಮ್ಮ ಜೊತೆಗೇ ಕೂತು, ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಾಳೆ. ಒಂದು ತಿಂಗಳು ಒಬ್ಬ ಗೆಳೆಯ ಹಟ ಹಿಡಿದು 2,500ರ ಬಾಟಲಿ ತರಿಸಿದ. ಪೇಪರ್ ಸುತ್ತಿ, ಹೆಸರು ಕಾಣದಂತೆ 850ರ ಜೊತೆ ಸುರಿದೆ. ಎಂಟರಲ್ಲಿ ಐದು ಮಂದಿ 850ರದ್ದನ್ನೇ ಮೇಲು ಅಂದರು. ಆಮೇಲೆ ಆ ಮಾತು ಎದ್ದಿಲ್ಲ.

ಕೊಳ್ಳುವಾಗ ನನ್ನ ನಿಯಮ: ಅಂಗಡಿಯ ಗಾಜಿನ ಶೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟಲಿ ಪುಕ್ಕಟೆ ಕೊಟ್ಟರೂ ಬೇಡ. ಒಮ್ಮೆ ಒಂದು ಅಂಗಡಿಯಲ್ಲಿ ಅಂಥ ಮೂರು ಬಾಟಲಿ ರಿಯಾಯಿತಿಗೆ ಕೊಟ್ಟರು, ಮೂರೂ ಬೆಂದಿದ್ದವು, ವಾಪಸ್ ತಗೊಳ್ಳಲಿಲ್ಲ. ನಮ್ಮ ಕಡೆಯ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್. ಲೇಬಲ್ ಮೇಲಿನ ವರ್ಷ ಆ ಕೊಯ್ಲಿನದು, ಬಿಳಿ ವೈನಿಗೆ ಅದನ್ನು ನೋಡಿ, ಎರಡು ವರ್ಷಕ್ಕಿಂತ ಹಳೆಯದು ಬಿಡಿ. ಬಿರಡೆಗಿಂತ ತಿರುಗಿಸುವ ಮುಚ್ಚಳ ವಾಸಿ. ವರ್ಷದ ದಾಸ್ತಾನನ್ನು ನವೆಂಬರಿನಿಂದ ಜನವರಿಯೊಳಗೆ ಅಂಗಡಿಯವರಿಗೆ ಹೇಳಿ ಸರ್ಕಾರದ ಮದ್ಯ ಸಗಟು ನಿಗಮವಾದ ಕೆಎಸ್‌ಬಿಸಿಎಲ್ ಡಿಪೋಗೆ ಬೇಡಿಕೆ (ಇಂಡೆಂಟ್) ಹಾಕಿಸಿ, ಲಾರಿಯಿಂದ ಇಳಿದ ವಾರವೇ ಕಂತು ಕಂತಾಗಿ ತರುತ್ತೇನೆ. ಆ ಚಳಿಯಲ್ಲಿ ದಾರಿಯಲ್ಲೂ ಬೇಯುವುದಿಲ್ಲ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳಿದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಕಾಕಾ ಈಗ ಭಿಶಿಗೆ ಒಂಬತ್ತನೆಯವರು. ಮೊದಲ ಕಂತಿನ 500 ಎಣಿಸಿ ಕೊಟ್ಟು, ತಮ್ಮದೇ ಬೇರೆ ಒಂದು ಕೆಂಪು ಬಾಟಲಿ ತಂದು, ಬಿಳಿ ಟೇಪ್ ಹಚ್ಚಿ ಹೆಸರು ಬರೆದು ಕೆಳಗಿನ ಸಾಲಿನಲ್ಲಿ ಇಟ್ಟಿದ್ದಾರೆ. ದೀಪಾವಳಿಗೆ ಮಗ ಪುಣೆಯಿಂದ ಬಂದಾಗ ತೆಗೆಯುವುದಂತೆ. "ಬೆಂದೀತು, ಜ್ವಾಕಿ" ಅಂತ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಇವತ್ತು ಬೆಳಿಗ್ಗೆ ಡಿಸ್‌ಪ್ಲೇ ನೋಡಿ ಹೇಳಿದೆ, 13.4.